ಯಾವ ಗಣಿತ ತೆಗೆದುಕೊಳ್ಳೋದು? ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ಒಂದೊಂದೇ ಹೆಜ್ಜೆ

ಪಿಯು ಕಾಲೇಜಿನ ಅಡ್ಮಿಷನ್ ಕೌಂಟರ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ಅರ್ಜಿಯಲ್ಲಿ ‘ಕಾಂಬಿನೇಶನ್’ ಅಂತ ಒಂದು ಚಿಕ್ಕ ಚೌಕ ಇರುತ್ತದೆ. ಅಪ್ಪ ಮಗಳ ಮುಖ ನೋಡುತ್ತಾರೆ. ಮಗಳು ಪಕ್ಕದಲ್ಲಿ ನಿಂತ ಗೆಳತಿಯ ಅರ್ಜಿ ನೋಡುತ್ತಾಳೆ. ಗೆಳತಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಬರೆದಿದ್ದಾಳೆ. ಇವಳೂ ಅದನ್ನೇ ಬರೆಯುತ್ತಾಳೆ. ಮುಂದಿನ ಎರಡು ವರ್ಷ ಯಾವ ಗಣಿತ ಓದಬೇಕು ಅನ್ನೋದು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ.

ನಾನು ಮನೆಯಲ್ಲೇ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಜುಲೈ, ಆಗಸ್ಟ್ ಹೊತ್ತಿಗೆ ಬಾಗಿಲು ತಟ್ಟುವ ಮಕ್ಕಳಲ್ಲಿ ಬಹಳಷ್ಟು ಜನ ದಡ್ಡರೇನೂ ಆಗಿರುವುದಿಲ್ಲ. ತಮಗೆ ಬೇಡದ ಗಣಿತದೊಳಗೆ ಸಿಕ್ಕಿಕೊಂಡಿರುತ್ತಾರೆ. ಇನ್ನು ಕೆಲವರು ಎರಡು ವರ್ಷ ಕಳೆದ ಮೇಲೆ ಬರುತ್ತಾರೆ: ‘ಸಾರ್, ಈ ಕೋರ್ಸಿಗೆ ಗಣಿತ ಬೇಕಿತ್ತಂತೆ, ನಾನು ತೆಗೆದುಕೊಂಡೇ ಇಲ್ಲ.’ ಎರಡಕ್ಕೂ ಮದ್ದು ಒಂದೇ. ಕೌಂಟರ್ ಮುಂದೆ ನಿಲ್ಲುವುದಕ್ಕೆ ಮೊದಲೇ ಎರಡು ವಿಷಯ ಗೊತ್ತಿರಬೇಕು. ನಿಮ್ಮ ನೋಟ್‌ಬುಕ್ ಏನು ಹೇಳುತ್ತಿದೆ, ಮತ್ತು ಯಾವ ಗಣಿತ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ.

ಮೊದಲ ಹೆಜ್ಜೆ: ಈಗ ಎಲ್ಲಿದ್ದೀರಿ ನೋಡಿಕೊಳ್ಳಿ

ರಾಜ್ಯ ಪಠ್ಯಕ್ರಮದಲ್ಲಿ ಎಸ್‌ಎಸ್‌ಎಲ್‌ಸಿವರೆಗೆ ಆಯ್ಕೆಯ ತಲೆನೋವಿಲ್ಲ. ಎಲ್ಲರಿಗೂ ಒಂದೇ ಗಣಿತ, ಒಂದೇ ಪೇಪರ್. 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಹತ್ತನೇ ಕ್ಲಾಸಿನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಆಧರಿಸಿದ್ದು. ಹಾಗಾಗಿ ಸಿಬಿಎಸ್‌ಇ ಮಕ್ಕಳು ಏನೋ ದೊಡ್ಡ ಗಣಿತ ಓದುತ್ತಾರೆ, ನಾವು ಹಿಂದೆ ಅನ್ನುವ ಅಳುಕು ಸುಮ್ನೆ. ಪಾಠಗಳು ಹೆಚ್ಚುಕಡಿಮೆ ಅವೇ. ಬದಲಾಗುವುದು ಪ್ರಶ್ನೆ ಕೇಳುವ ರೀತಿ.

ಸಿಬಿಎಸ್‌ಇಯಲ್ಲಿ ಹತ್ತನೇ ಕ್ಲಾಸಿನಲ್ಲೇ ಒಂದು ಕವಲು ಇದೆ. 2019-20ರ ಸಾಲಿನಿಂದ ಅಲ್ಲಿ ಎರಡು ಗಣಿತ ಪೇಪರ್: ಸ್ಟ್ಯಾಂಡರ್ಡ್, ಕೋಡ್ 041, ಬೇಸಿಕ್, ಕೋಡ್ 241. ಓದುವ ಪುಸ್ತಕ ಒಂದೇ, ಕ್ಲಾಸಿನಲ್ಲಿ ಕೂರುವುದೂ ಒಟ್ಟಿಗೇ. ಬೇಸಿಕ್ ಪೇಪರ್‌ನ ಪ್ರಶ್ನೆಗಳು ಸುಲಭ, ಅಷ್ಟೇ ವ್ಯತ್ಯಾಸ. ಮುಂದೆ ಗಣಿತ ಓದುವ ಯೋಚನೆ ಇದ್ದವರಿಗೆ ಸ್ಟ್ಯಾಂಡರ್ಡ್, ಇಲ್ಲಿಗೇ ಸಾಕು ಅನ್ನುವವರಿಗೆ ಬೇಸಿಕ್ ಎಂಬುದು ಮೂಲ ಆಲೋಚನೆ. ಬೇಸಿಕ್ ಬರೆದವರಿಗೆ ಹನ್ನೊಂದರಲ್ಲಿ ಪೂರ್ತಿ ಗಣಿತ (ಅದರ ಕೋಡ್ ಕೂಡ 041) ಇಲ್ಲ ಎಂಬ ನಿಯಮವನ್ನು ಕೋವಿಡ್ ನಂತರದ ವರ್ಷಗಳಲ್ಲಿ ಮಂಡಳಿ ಸಡಿಲಿಸಿತ್ತು. ಆ ಸಡಿಲಿಕೆಯನ್ನು ನಂಬಿಕೊಂಡು ಬೇಸಿಕ್ ಆರಿಸಬೇಡಿ. ನಿಮ್ಮ ಸಾಲಿನ ಸುತ್ತೋಲೆ ಏನು ಹೇಳುತ್ತದೆ ಎಂದು ಶಾಲೆಯಲ್ಲಿ ಕೇಳಿ. ಪರೀಕ್ಷೆಗೆ ಹೆಸರು ಕಳಿಸುವಾಗಲೇ ಕೋಡ್ ಹೋಗುತ್ತದೆ, ಆಮೇಲೆ ಬದಲಿಸುವುದು ಕಷ್ಟ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಯಾಕೆಂದರೆ ಪ್ರತಿ ವರ್ಷ ಯಾರಾದರೂ ಇದರಲ್ಲಿ ಎಡವುತ್ತಾರೆ. ಸಿಬಿಎಸ್‌ಇ ಹತ್ತರ ‘ಬೇಸಿಕ್’ ಬೇರೆ. ನಮ್ಮ ಪಿಯುಸಿಯ ‘ಬೇಸಿಕ್ ಮ್ಯಾಥ್ಸ್’ ಬೇರೆ. ಮೊದಲನೆಯದು ಅದೇ ಪಾಠದ ಸುಲಭ ಪೇಪರ್. ಎರಡನೆಯದು ಕಾಮರ್ಸ್ ಮಕ್ಕಳಿಗೆಂದೇ ಇರುವ ಪ್ರತ್ಯೇಕ ವಿಷಯ. ಇದು ಸಾಲದು ಎಂಬಂತೆ, ಸಿಬಿಎಸ್‌ಇ ಹನ್ನೊಂದು, ಹನ್ನೆರಡರ ‘ಅಪ್ಲೈಡ್ ಮ್ಯಾಥಮ್ಯಾಟಿಕ್ಸ್’ಗೂ ಕೋಡ್ 241 ಕೊಟ್ಟಿದ್ದಾರೆ. ಒಂದೇ ನಂಬರ್, ಎರಡು ಬೇರೆ ವಿಷಯ. ಹೆಸರು, ಕೋಡ್, ಕ್ಲಾಸ್ ಮೂರನ್ನೂ ಒಟ್ಟಿಗೆ ಓದಿ.

ಎರಡನೇ ಹೆಜ್ಜೆ: ನೋಟ್‌ಬುಕ್ ಪರೀಕ್ಷೆ

ಅಂಕಪಟ್ಟಿ ನೋಡಿ ಪಿಯುಸಿ ಗಣಿತ ಆರಿಸುವುದನ್ನು ನಾನು ಒಪ್ಪುವುದಿಲ್ಲ. ಹತ್ತರಲ್ಲಿ 95 ತೆಗೆದು ಮೊದಲ ಪಿಯುಸಿಯ ಮೊದಲ ಟೆಸ್ಟಿನಲ್ಲಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. 68 ತೆಗೆದು ನಿಧಾನಕ್ಕೆ, ಗಟ್ಟಿಯಾಗಿ ದಾಟಿದವರನ್ನೂ ನೋಡಿದ್ದೇನೆ. ವ್ಯತ್ಯಾಸ ಲೆಕ್ಕ ಬಿಡಿಸಿದ ರೀತಿಯಲ್ಲಿತ್ತು. ಹಾಗಾಗಿ ಒಂದು ಭಾನುವಾರ, ಗೈಡ್ ಮುಚ್ಚಿಟ್ಟು, ಒಂದು ಗಂಟೆ ಕೂತು ಈ ನಾಲ್ಕು ಲೆಕ್ಕ ಮಾಡಿ. ಎಲ್ಲವೂ ಹತ್ತನೇ ಕ್ಲಾಸಿನ ಒಳಗಿನವೇ.

ಒಂದು. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ 5 ಪಟ್ಟು ಸೇರಿಸಿದರೆ 84 ಬರುತ್ತದೆ. ಸಂಖ್ಯೆ ಯಾವುದು? 7 ಎಂದು ಬಹಳ ಮಕ್ಕಳು ಊಹಿಸಿಯೇ ಹೇಳುತ್ತಾರೆ. ಸರಿ. ಆದರೆ ಋಣ 12 ಕೂಡ ಉತ್ತರ: ಅದರ ವರ್ಗ 144, ಅದರಿಂದ 60 ಕಳೆದರೆ 84. ಎರಡನೇ ಉತ್ತರವನ್ನು ಹೇಳಿಸಿಕೊಳ್ಳದೆ ಹುಡುಕಿದಿರಾ? ಪಿಯುಸಿ ಬೀಜಗಣಿತ ಕೇಳುವುದು ಈ ಅಭ್ಯಾಸವನ್ನೇ.

ಎರಡು. 100 ಮತ್ತು 300ರ ನಡುವೆ 7ರಿಂದ ಭಾಗವಾಗುವ ಸಂಖ್ಯೆಗಳು ಎಷ್ಟು? 105ರಿಂದ 294ರವರೆಗೆ. ಕಳೆದು 7ರಿಂದ ಭಾಗಿಸಿದರೆ 27 ಬರುತ್ತದೆ. ಉತ್ತರ 28. ಆ ಒಂದು ಯಾಕೆ ಸೇರಿತು ಎಂದು ತಮ್ಮನಿಗೋ ತಂಗಿಗೋ ಬಾಯಲ್ಲಿ ವಿವರಿಸಿ. ಐದು ಬೆರಳಿನ ನಡುವೆ ಸಂದು ನಾಲ್ಕೇ ಇರುತ್ತದಲ್ಲ, ಅಷ್ಟೇ ವಿಷಯ. ವಿವರಿಸಲು ಬಂದರೆ ಸಮಾಂತರ ಶ್ರೇಢಿ ನಿಮಗೆ ಬಂದಿದೆ. ಸೂತ್ರ ಮಾತ್ರ ನೆನಪಿದ್ದರೆ ಇನ್ನೂ ಬಂದಿಲ್ಲ.

ಮೂರು. ತೆಂಗಿನ ಮರದ ಬುಡದಿಂದ 30 ಮೀಟರ್ ದೂರದಲ್ಲಿ ನೆಲದ ಮೇಲಿಂದ ನೋಡಿದರೆ ತುದಿ 30 ಡಿಗ್ರಿ ಕೋನದಲ್ಲಿ ಕಾಣುತ್ತದೆ. ಮರದ ಎತ್ತರ ಎಷ್ಟು? ಉತ್ತರ ಸುಮಾರು 17.3 ಮೀಟರ್. ಯಾರಿಗಾದರೂ 52 ಬಂದರೆ ಅದು ಸೈನ್‌ನ ತಪ್ಪೋ ಟ್ಯಾನ್‌ನ ತಪ್ಪೋ ಎಂದು ಆಮೇಲೆ ಹುಡುಕೋಣ. ಮೊದಲು, 52 ಮೀಟರ್ ತೆಂಗಿನ ಮರ ಎಲ್ಲಾದರೂ ಇದೆಯಾ ಎಂಬ ಅನುಮಾನ ಬರಬೇಕಿತ್ತು ಅಲ್ವಾ?

ನಾಲ್ಕು. ಇದು ನನಗೆ ಬಹಳ ಇಷ್ಟದ್ದು. 2ರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸುವುದು ಪುಸ್ತಕದಲ್ಲಿದೆ, ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಈಗ ಅದೇ ಸಾಧನೆಯಲ್ಲಿ 2 ಇದ್ದ ಕಡೆಯೆಲ್ಲ 4 ಬರೆಯಿರಿ. 4ರ ವರ್ಗಮೂಲ 2, ಅದು ಭಾಗಲಬ್ಧ ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಸಾಧನೆ ಯಾವುದೋ ಒಂದು ಸಾಲಿನಲ್ಲಿ ಮುರಿಯಲೇಬೇಕು. ಯಾವ ಸಾಲು? ‘ವರ್ಗವನ್ನು ಭಾಗಿಸಿದರೆ ಸಂಖ್ಯೆಯನ್ನೂ ಭಾಗಿಸುತ್ತದೆ’ ಎಂಬ ಸಾಲು. 36ನ್ನು 4 ಭಾಗಿಸುತ್ತದೆ, ಆದರೆ 6ನ್ನು ಭಾಗಿಸುವುದಿಲ್ಲ. 2 ಅವಿಭಾಜ್ಯ, 4 ಅಲ್ಲ, ಅದಕ್ಕೇ ಹೀಗೆ. ಇದನ್ನು ಸ್ವಂತವಾಗಿ ಕಂಡುಕೊಂಡ ಮಗುವಿಗೆ ಯಾವ ಗಣಿತ ಕೊಟ್ಟರೂ ಭಯವಿಲ್ಲ. ಹೇಳಿದ ಮೇಲೆ ‘ಓಹೋ!’ ಎಂದು ಮುಖ ಅರಳಿದರೂ ಸಾಕು. ‘ಇದು ಎಕ್ಸಾಮಿಗೆ ಬರಲ್ವಲ್ಲ’ ಎಂಬ ಮಾತು ಬಂದರೆ ಸ್ವಲ್ಪ ಯೋಚಿಸಿ.

ಉತ್ತರ ತಪ್ಪಾದರೆ ಎಲ್ಲಿ ತಪ್ಪಿತು ನೋಡಿ. ಚಿಹ್ನೆ ತಪ್ಪುವುದು, ಗುಣಾಕಾರ ತಪ್ಪುವುದು ಒಂದೆರಡು ತಿಂಗಳಲ್ಲಿ ಸರಿಹೋಗುವ ಕಾಯಿಲೆ. ಎಲ್ಲಿಂದ ಶುರು ಮಾಡಬೇಕೆಂದೇ ಗೊತ್ತಾಗದಿದ್ದರೆ ಒಂಬತ್ತನೇ ಕ್ಲಾಸಿನ ಬೀಜಗಣಿತಕ್ಕೆ ವಾಪಸ್ ಹೋಗಿ, ರಜೆಯಲ್ಲಿ ಮತ್ತೆ ಮಾಡಿ, ಆಮೇಲೆ ತೀರ್ಮಾನಿಸಿ.

ಮೂರನೇ ಹೆಜ್ಜೆ: ಮುಚ್ಚುವ ಬಾಗಿಲುಗಳನ್ನು ಬರೆದುಕೊಳ್ಳಿ

ಹದಿನೈದು ವರ್ಷದ ಮಗುವಿಗೆ ‘ಮುಂದೆ ಏನಾಗ್ತೀಯ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳಿ: ಯಾವುದು ಖಂಡಿತ ಬೇಡ? ಒಂದು ಹಾಳೆಯಲ್ಲಿ ಬೇಡದವನ್ನು ಹೊಡೆಯುತ್ತಾ ಹೋಗಿ. ಉಳಿದವುಗಳಲ್ಲಿ ಗಣಿತ ಕೇಳುವುದು ಯಾವುದು ನೋಡಿ.

ಇಂಜಿನಿಯರಿಂಗ್‌ಗೆ ಪೂರ್ತಿ ಗಣಿತ ಬೇಕೇ ಬೇಕು. ಕರ್ನಾಟಕದ ಸಿಇಟಿ ಮೂಲಕ ಹೋಗುವವರಿಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಜೊತೆಗೆ ರಸಾಯನಶಾಸ್ತ್ರ, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್, ಜೀವಶಾಸ್ತ್ರದಂಥ ಇನ್ನೊಂದು ವಿಷಯ. ಕಾಮರ್ಸಿನ ಬೇಸಿಕ್ ಮ್ಯಾಥ್ಸ್ ಇಲ್ಲಿ ನಡೆಯುವುದಿಲ್ಲ. ಆರ್ಕಿಟೆಕ್ಚರ್‌ಗೂ ಗಣಿತ ಬೇಕು. ಚಿತ್ರ ಚೆನ್ನಾಗಿ ಬಿಡಿಸುವ ಮಕ್ಕಳು ಇದನ್ನು ಮರೆತು ಗಣಿತ ಬಿಡುತ್ತಾರೆ, ಆಮೇಲೆ ಬೇಜಾರು. ಪೈಲಟ್ ಆಗುವ ಕನಸಿಗೂ ಭೌತಶಾಸ್ತ್ರ, ಗಣಿತ ಬೇಕು. ಎನ್‌ಡಿಎಯಲ್ಲಿ ಭೂಸೇನೆಗೆ ಯಾವ ವಿಷಯ ಓದಿದ್ದರೂ ಅರ್ಜಿ ಹಾಕಬಹುದು. ಆದರೆ ಬರವಣಿಗೆ ಪರೀಕ್ಷೆಯಲ್ಲಿ 300 ಅಂಕದ ಗಣಿತ ಪೇಪರ್ ಕಾದು ಕೂತಿರುತ್ತದೆ.

ಡಾಕ್ಟರ್ ಆಗಲು ಗಣಿತ ಬೇಡ. ನೀಟ್‌ನಲ್ಲಿ ಗಣಿತದ ಪ್ರಶ್ನೆಯಿಲ್ಲ. ಸಿಎಗೆ ಪಿಯುಸಿಯಲ್ಲಿ ಗಣಿತ ಕಡ್ಡಾಯವಲ್ಲ. ಆದರೆ ಫೌಂಡೇಶನ್ ಹಂತದ ಮೂರನೇ ಪೇಪರ್ ಪೂರ್ತಿ 100 ಅಂಕ ವ್ಯಾಪಾರ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದು. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಗಣಿತ ಬೇಡ ಎಂದು ಕಾಮರ್ಸಿಗೆ ಓಡಿಬಂದವರು ಅಲ್ಲಿ ಮತ್ತೆ ಅದೇ ಗಣಿತದ ಮುಂದೆ ನಿಲ್ಲುತ್ತಾರೆ.

ಜನಕ್ಕೆ ಆಶ್ಚರ್ಯ ಆಗುವುದು ಅರ್ಥಶಾಸ್ತ್ರ. ಅದು ಆರ್ಟ್ಸ್ ವಿಷಯ ಅಂತ ನಮ್ಮಲ್ಲಿ ಭಾವನೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಎಕನಾಮಿಕ್ಸ್ ಆನರ್ಸ್ ಸೇರಬೇಕಾದರೆ ಗಣಿತ ಬೇಕು. ಡೇಟಾ ಸೈನ್ಸ್ ಎಂದು ಬೋರ್ಡ್ ಹಾಕಿರುವ ಪದವಿಗಳ ಒಳಗೂ ಇರುವುದು ಸಂಭವನೀಯತೆ ಮತ್ತು ಮಾತೃಕೆಗಳೇ. ಬಿಸಿಎಗೆ ಕೆಲವು ಕಡೆ ಗಣಿತ ಕೇಳುತ್ತಾರೆ, ಕೆಲವು ಕಡೆ ಇಲ್ಲ. ಕಾಲೇಜಿನಲ್ಲೇ ವಿಚಾರಿಸಿ.

ಗಣಿತವನ್ನೇ ಓದುವ ಹುಚ್ಚು ಇದ್ದವರಿಗೆ ದೂರ ಹೋಗುವ ಕಷ್ಟವೂ ಇಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಬಿ.ಮ್ಯಾಥ್ ಪದವಿ ಇದೆ. ಐಐಎಸ್‌ಸಿ 2022ರಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್ ಸೇರಿದ ಬಿ.ಟೆಕ್ ಶುರು ಮಾಡಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್ಸಿ ಜೊತೆಗೇ ಬಿಎಡ್ ಮುಗಿಸಿ ಗಣಿತ ಮೇಷ್ಟ್ರಾಗುವ ದಾರಿಯಿದೆ. ಈ ಕೊನೆಯದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಒಳ್ಳೆಯ ಗಣಿತ ಮೇಷ್ಟ್ರು ಸಿಗುವುದು ಎಷ್ಟು ಕಷ್ಟ ಎಂದು ಎಲ್ಲ ಊರಿನ ತಂದೆತಾಯಿಗೂ ಗೊತ್ತು.

ನಾಲ್ಕನೇ ಹೆಜ್ಜೆ: ಪಿಯುಸಿಯ ಗಣಿತಗಳನ್ನು ಒಳಹೊಕ್ಕು ನೋಡಿ

ವಿಜ್ಞಾನ ವಿಭಾಗದ ‘ಮ್ಯಾಥಮ್ಯಾಟಿಕ್ಸ್’ ಎಲ್ಲಕ್ಕಿಂತ ದೊಡ್ಡದು. ಮೊದಲ ವರ್ಷ ಗಣಗಳು, ತ್ರಿಕೋನಮಿತಿ, ಸಮ್ಮಿಶ್ರ ಸಂಖ್ಯೆಗಳು, ದ್ವಿಪದ ಪ್ರಮೇಯ, ಶಂಕುಜಗಳು, ಕೊನೆಗೆ ಮಿತಿ ಮತ್ತು ನಿಷ್ಪನ್ನ. ಎರಡನೇ ವರ್ಷ ಮಾತೃಕೆ, ನಿರ್ಧಾರಕ, ಕಲನಶಾಸ್ತ್ರದ ದೊಡ್ಡ ರಾಶಿ, ಸದಿಶ, ಮೂರು ಆಯಾಮದ ರೇಖಾಗಣಿತ, ಸಂಭವನೀಯತೆ. ಹತ್ತನೇ ಕ್ಲಾಸಿನಲ್ಲಿ ಕಲನಶಾಸ್ತ್ರದ ನೆರಳೂ ಇರಲಿಲ್ಲ, ಲಾಗರಿದಂ ಕೂಡ ಇರಲಿಲ್ಲ. ಹಾಗಾಗಿ ಮೊದಲ ಮೂರು ತಿಂಗಳು ಎಲ್ಲರಿಗೂ ಏದುಸಿರು. ಹೆದರಬೇಕಾಗಿಲ್ಲ, ಆದರೆ ಗೊತ್ತಿರಲಿ.

ಈ ಗಣಿತದ ಜೊತೆಗೆ ಏನು ಸೇರಿಸುತ್ತೀರಿ ಎಂಬುದರ ಮೇಲೆ ಕಾಂಬಿನೇಶನ್ ಹೆಸರು. ಜೀವಶಾಸ್ತ್ರ ಸೇರಿದರೆ ಪಿಸಿಎಂಬಿ, ಕಂಪ್ಯೂಟರ್ ಸೇರಿದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಸೇರಿದರೆ ಪಿಸಿಎಂಇ, ಸಂಖ್ಯಾಶಾಸ್ತ್ರ ಸೇರಿದರೆ ಪಿಸಿಎಂಎಸ್.

ಪಿಸಿಎಂಬಿ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ‘ಡಾಕ್ಟರೂ ಆಗಬಹುದು, ಇಂಜಿನಿಯರೂ ಆಗಬಹುದು’ ಎಂದು ಅದನ್ನು ಮಾರುತ್ತಾರೆ. ನಿಜವಾಗಿ ತೀರ್ಮಾನ ಆಗದ ಮಗುವಿಗೆ ಅದು ಸರಿಯಾದ ಆಯ್ಕೆಯೇ. ಆದರೆ ತೀರ್ಮಾನ ಆಗಿರುವ ಮಗುವಿಗೆ ಎರಡು ದೋಣಿಯ ಮೇಲೆ ಕಾಲಿಡಿಸುವುದು ಯಾಕೆ? ಕೋಡಿಂಗ್ ಇಷ್ಟ, ರಕ್ತ ಕಂಡರೆ ತಲೆಸುತ್ತು ಎನ್ನುವ ಹುಡುಗ ಎರಡು ವರ್ಷ ಕಪ್ಪೆಯ ಹೃದಯದ ಚಿತ್ರ ಬಿಡಿಸುತ್ತಾ ಕೂರುತ್ತಾನೆ. ನೀಟ್ ಒಂದೇ ಗುರಿ ಎನ್ನುವ ಹುಡುಗಿ ಬೋರ್ಡ್ ಪರೀಕ್ಷೆಗಾಗಿ ಇಂಟಿಗ್ರೇಶನ್ ಜೊತೆ ಗುದ್ದಾಡುತ್ತಾಳೆ. ಗಣಿತವಿಲ್ಲದ ವಿಜ್ಞಾನ ಕಾಂಬಿನೇಶನ್ ಹುಡುಕಿದರೂ ಕೆಲವೇ ಕಾಲೇಜುಗಳಲ್ಲಿ ಸಿಗಬಹುದು. ಆದರೂ ಒಮ್ಮೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಸಂಖ್ಯಾಶಾಸ್ತ್ರವನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ವಿಜ್ಞಾನದಲ್ಲೂ ಕಾಮರ್ಸಿನಲ್ಲೂ ಸಿಗುವ ವಿಷಯ ಇದು. ಸರಾಸರಿ, ಸಹಸಂಬಂಧ, ಸೂಚ್ಯಂಕ, ಸಂಭವನೀಯತೆ ಎಲ್ಲ ಬರುತ್ತವೆ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಇದೇ ಕ್ಷೇತ್ರದಲ್ಲಿ ಜಗತ್ತಿಗೆ ಗೊತ್ತಾದವರು. ಆದರೂ ನಮ್ಮ ಕಾಲೇಜುಗಳಲ್ಲಿ ಈ ಕ್ಲಾಸಿನ ಬೆಂಚುಗಳು ಖಾಲಿ. ಲೆಕ್ಕ ಇಷ್ಟ, ಆದರೆ ಸಾಧನೆ, ಪ್ರಮೇಯ ಕಷ್ಟ ಎನ್ನುವವರು ಇದನ್ನು ಖಂಡಿತ ವಿಚಾರಿಸಬೇಕು.

ಇನ್ನು ಕಾಮರ್ಸಿನ ಬೇಸಿಕ್ ಮ್ಯಾಥ್ಸ್. ಹೆಸರು ನೋಡಿ ಮೋಸಹೋಗಬೇಡಿ. ಸರಳ ಬಡ್ಡಿ, ಚಕ್ರಬಡ್ಡಿ, ವರ್ಷಾಶನ, ಹುಂಡಿಯ ವಟ್ಟ, ಷೇರು ಇವೆಲ್ಲ ಇವೆ ನಿಜ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರ ಗಣಿತ ಬರೆದ. ವ್ಯಾಪಾರದ ಲೆಕ್ಕ ಎನ್ನುವುದು ನಮಗೆ ಹೊಸದೇನಲ್ಲ. ಆದರೆ ಅದರ ಪಕ್ಕದಲ್ಲೇ ಲಾಗರಿದಂ, ಮಾತೃಕೆ, ಕ್ರಮಯೋಜನೆ, ಮಿತಿ, ನಿಷ್ಪನ್ನ, ಅನುಕಲನವೂ ಕೂತಿವೆ. ವಿಜ್ಞಾನದಷ್ಟು ಆಳ ಇಲ್ಲ, ಆದರೆ ಸುಮ್ನೆ ಪಾಸಾಗುವಂಥದ್ದೂ ಅಲ್ಲ. ಸಿಎ, ಬಿಬಿಎ, ಬ್ಯಾಂಕ್ ಪರೀಕ್ಷೆ ಅಂದುಕೊಂಡವರಿಗೆ ಇದು ಬಹಳ ಉಪಯೋಗ. ಅಕ್ಕನ ಮಗ ಕಾಮರ್ಸ್ ಸೇರುವಾಗ ಇದನ್ನೇ ತೆಗೆದುಕೋ ಎಂದು ಒತ್ತಾಯ ಮಾಡಿದ್ದೆ. ಮೊದಲ ವರ್ಷ ನನ್ನನ್ನು ಬೈದುಕೊಂಡೇ ಓದಿದ. ಡಿಗ್ರಿಯಲ್ಲಿ ಫೈನಾನ್ಸ್ ಪೇಪರ್ ಬಂದಾಗ ಸುಮ್ಮನಾದ.

ಸಿಬಿಎಸ್‌ಇಯವರಿಗೆ ಹನ್ನೊಂದರಲ್ಲಿ 041 ಅಥವಾ ಅಪ್ಲೈಡ್ 241, ಎರಡರಲ್ಲಿ ಒಂದು ಮಾತ್ರ. ಅಪ್ಲೈಡ್‌ನಲ್ಲಿ ಹಣಕಾಸಿನ ಲೆಕ್ಕ, ಸೂಚ್ಯಂಕ, ಕಾಲಶ್ರೇಣಿ ಜಾಸ್ತಿ. ಇಂಜಿನಿಯರಿಂಗ್ ಆಸೆ ಎಳ್ಳಷ್ಟು ಇದ್ದರೂ 041 ತೆಗೆದುಕೊಳ್ಳಿ. ಐಸಿಎಸ್‌ಇ ಶಾಲೆಗಳ ಹನ್ನೆರಡನೇ ಕ್ಲಾಸಿನ ಪರೀಕ್ಷೆಯಾದ ಐಎಸ್‌ಸಿಯಲ್ಲಿ ಪೇಪರ್ ಒಂದೇ, ಆದರೆ ಕೊನೆಯ 15 ಅಂಕಕ್ಕೆ ಬಿ ವಿಭಾಗ ಅಥವಾ ಸಿ ವಿಭಾಗ ಎಂಬ ಆಯ್ಕೆ: ಒಂದರಲ್ಲಿ ಸದಿಶ, ಮೂರು ಆಯಾಮದ ರೇಖಾಗಣಿತ, ಇನ್ನೊಂದರಲ್ಲಿ ವಾಣಿಜ್ಯಕ್ಕೆ ಹೊಂದುವ ಪಾಠಗಳು.

ಡಿಪ್ಲೊಮಾ ದಾರಿಯನ್ನು ಕೀಳಾಗಿ ನೋಡಬೇಡಿ. ಎಸ್‌ಎಸ್‌ಎಲ್‌ಸಿ ಆದ ಕೂಡಲೇ ಪಾಲಿಟೆಕ್ನಿಕ್ ಸೇರಿದರೆ ಮೂರು ವರ್ಷ. ಅಲ್ಲಿನ ಇಂಜಿನಿಯರಿಂಗ್ ಗಣಿತ ಕೆಲಸಕ್ಕೆ ಬೇಕಾದಷ್ಟು ಕಲಿಸುತ್ತದೆ. ಮುಗಿದ ಮೇಲೆ ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಕೈಯಲ್ಲಿ ಮಾಡಿ ಕಲಿಯುವ ಮಕ್ಕಳಿಗೆ ಪಿಯುಸಿಗಿಂತ ಇದೇ ಹಿತ. ಒಂದು ಎಚ್ಚರಿಕೆ: ಹಾಗೆ ಹೋದವರಿಗೆ ಡಿಗ್ರಿಯ ಗಣಿತ ಮೊದಲ ಸೆಮಿಸ್ಟರ್‌ನಲ್ಲಿ ಭಾರ ಅನ್ನಿಸುತ್ತದೆ. ಡಿಪ್ಲೊಮಾ ಓದುವಾಗಲೇ ಕಲನಶಾಸ್ತ್ರವನ್ನು ಸ್ವಲ್ಪ ಹೆಚ್ಚಿಗೆ ಓದಿಕೊಂಡರೆ ಒಳ್ಳೆಯದು.

ಐದನೇ ಹೆಜ್ಜೆ: ಕನ್ನಡ ಮಾಧ್ಯಮದವರಿಗೆ ಎರಡು ತಿಂಗಳ ಕೆಲಸ

ಕನ್ನಡದಲ್ಲಿ ಹತ್ತು ವರ್ಷ ಗಣಿತ ಓದಿದ ಮಗು ಪಿಯುಸಿ ವಿಜ್ಞಾನದ ಮೊದಲ ದಿನ ಕೂತಾಗ ಕಳೆದುಕೊಳ್ಳುವುದು ಗಣಿತವನ್ನಲ್ಲ, ಕಿವಿಯನ್ನು. ಮೇಷ್ಟ್ರು ‘ಪಾಲಿನಾಮಿಯಲ್’ ಎನ್ನುತ್ತಾರೆ. ಅದು ತನಗೆ ಚೆನ್ನಾಗಿ ಗೊತ್ತಿರುವ ಬಹುಪದೋಕ್ತಿ ಎಂದು ಹೊಳೆಯುವಷ್ಟರಲ್ಲಿ ಬೋರ್ಡ್ ಒರೆಸಿಯಾಗಿರುತ್ತದೆ. ಇದಕ್ಕಾಗಿ ಎಷ್ಟೋ ಮಕ್ಕಳು ವಿಜ್ಞಾನವೇ ಬೇಡ ಎನ್ನುತ್ತಾರೆ. ಅನ್ಯಾಯ ಅನ್ನಿಸುತ್ತದೆ ನನಗೆ, ಯಾಕೆಂದರೆ ಇದನ್ನು ಒಂದು ಬೇಸಿಗೆ ರಜೆಯಲ್ಲಿ ದಾಟಬಹುದು.

ಹೀಗೆ ಮಾಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೇ ಕ್ಲಾಸಿನ ಗಣಿತ ಪುಸ್ತಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ. ಎರಡನ್ನೂ ಇಳಿಸಿಕೊಳ್ಳಿ. ಎರಡೂ ಒಂದೇ ಪುಸ್ತಕದ ರೂಪಗಳು, ಹಾಗಾಗಿ ಪಾಠವೂ ಲೆಕ್ಕವೂ ಒಂದಕ್ಕೊಂದು ಹೊಂದುತ್ತವೆ. ನೀವು ಆಗಲೇ ಬಿಡಿಸಿರುವ ಲೆಕ್ಕವನ್ನು ಈಗ ಇಂಗ್ಲಿಷ್ ಪುಸ್ತಕದಲ್ಲಿ ಓದಿ. ಉತ್ತರ ಗೊತ್ತಿರುವುದರಿಂದ ಭಾಷೆ ಮಾತ್ರ ಹೊಸದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

ಪಕ್ಕದಲ್ಲಿ ಒಂದು ಚಿಕ್ಕ ಪದಪಟ್ಟಿ ಮಾಡಿಕೊಳ್ಳಿ. ವರ್ಗ ಸಮೀಕರಣ ಎಂದರೆ ಕ್ವಾಡ್ರಾಟಿಕ್ ಇಕ್ವೇಶನ್. ಶೋಧಕ ಎಂದರೆ ಡಿಸ್ಕ್ರಿಮಿನೆಂಟ್. ಅಭಾಗಲಬ್ಧ ಎಂದರೆ ಇರ‍್ರ್ಯಾಷನಲ್. ಸಮಾಂತರ ಶ್ರೇಢಿ ಎಂದರೆ ಅರಿಥ್ಮೆಟಿಕ್ ಪ್ರೊಗ್ರೆಶನ್. ಛೇದಕ ಎಂದರೆ ಸೀಕೆಂಟ್. ಸ್ಪರ್ಶಕ ಎಂದರೆ ಟ್ಯಾಂಜೆಂಟ್. ಇಲ್ಲಿ ಜಾಗ್ರತೆ: ತ್ರಿಕೋನಮಿತಿಯ ‘ಟ್ಯಾನ್’ ಕೂಡ ಟ್ಯಾಂಜೆಂಟೇ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡದ ‘ಸ್ಪರ್ಶಕ’ ಮುಟ್ಟುವ ರೇಖೆ ಎಂದು ತಾನೇ ಹೇಳಿಬಿಡುತ್ತದೆ, ಅದನ್ನು ಮರೆಯಬೇಡಿ. ನಲವತ್ತು, ಐವತ್ತು ಪದ ಬರೆಯುವಷ್ಟರಲ್ಲಿ ಹತ್ತನೇ ಕ್ಲಾಸು ಮುಗಿದಿರುತ್ತದೆ.

ಪದಗಳನ್ನು ಬರೆದರೆ ಸಾಲದು, ಬಾಯಲ್ಲಿ ಹೇಳಬೇಕು. ಒಂದು ಲೆಕ್ಕವನ್ನು ಕನ್ನಡದಲ್ಲಿ ವಿವರಿಸಿ, ಆಮೇಲೆ ಅದೇ ಲೆಕ್ಕವನ್ನು ಮುರುಕಲು ಇಂಗ್ಲಿಷಿನಲ್ಲೇ ವಿವರಿಸಿ. ವ್ಯಾಕರಣ ತಪ್ಪಿದರೆ ತಪ್ಪಲಿ. ಖಾನ್ ಅಕಾಡೆಮಿಯಲ್ಲಿ ಕನ್ನಡದ ಗಣಿತ ಪಾಠಗಳಿವೆ, ಹಣ ಕೊಡಬೇಕಿಲ್ಲ. ದೀಕ್ಷಾ ಆ್ಯಪ್‌ನಲ್ಲೂ ಪಠ್ಯಪುಸ್ತಕಕ್ಕೆ ಹೊಂದುವ ಪಾಠಗಳು ಸಿಗುತ್ತವೆ. ರೇಖಾಗಣಿತ ಕಣ್ಣಿಗೆ ಕಾಣಬೇಕೆಂದರೆ ಜಿಯೋಜೀಬ್ರಾ ಎಂಬ ಆ್ಯಪ್ ಹಾಕಿಕೊಳ್ಳಿ. ಇನ್ನೊಂದು ಸಮಾಧಾನದ ಮಾತು: ಜೆಇಇ ಮೇನ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಆರಿಸಿಕೊಳ್ಳಬಹುದು.

ಆರನೇ ಹೆಜ್ಜೆ: ಕ್ಲಾಸಿನ ಗಣಿತ ಸಾಲದವರಿಗೆ

ಕೆಲವು ಮಕ್ಕಳಿಗೆ ಶಾಲೆಯ ಲೆಕ್ಕ ಬೇಗ ಮುಗಿದುಹೋಗುತ್ತದೆ. ಅವರಿಗೆ ಹನ್ನೊಂದರ ಪುಸ್ತಕವನ್ನು ಎಂಟರಲ್ಲೇ ಓದಿಸುವುದು ನನಗೆ ಇಷ್ಟವಿಲ್ಲ. ಮುಂದಕ್ಕೆ ಓಡಿಸುವುದಕ್ಕಿಂತ ಇದ್ದಲ್ಲೇ ಆಳಕ್ಕೆ ಇಳಿಸುವುದು ವಾಸಿ. ಒಲಿಂಪಿಯಾಡ್ ಇರುವುದೇ ಅದಕ್ಕೆ.

ಇಲ್ಲಿ ಹೆಸರಿನ ಗಲಾಟೆ ಇದೆ. ಶಾಲೆಯಲ್ಲಿ ಚೀಟಿ ಹಂಚಿ, ಫೀಸ್ ಕಟ್ಟಿಸಿಕೊಂಡು, ಹೆಚ್ಚುಕಡಿಮೆ ಎಲ್ಲರಿಗೂ ಮೆಡಲ್ ಕೊಡುವ ಪರೀಕ್ಷೆಗಳೂ ‘ಒಲಿಂಪಿಯಾಡ್’ ಎಂದು ಕರೆದುಕೊಳ್ಳುತ್ತವೆ. ಬರೆಯಲಿ, ತಪ್ಪಿಲ್ಲ. ಆದರೆ ದೇಶದ ತಂಡ ಆರಿಸುವ ದಾರಿ ಬೇರೆ. ಅದರ ಮೊದಲ ಮೆಟ್ಟಿಲು ಐಒಕ್ಯೂಎಂ ಎಂಬ ಅರ್ಹತಾ ಪರೀಕ್ಷೆ. ಗಣಿತ ಶಿಕ್ಷಕರ ಸಂಘ ಇದನ್ನು ನಡೆಸುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ ಪರೀಕ್ಷೆ, ನೋಂದಣಿ ಅದಕ್ಕಿಂತ ಸಾಕಷ್ಟು ಮೊದಲೇ. ಮೂರು ಗಂಟೆ, 30 ಪ್ರಶ್ನೆ, 100 ಅಂಕ. ಆಯ್ಕೆಗಳಿಲ್ಲ. ಉತ್ತರ 00ರಿಂದ 99ರೊಳಗಿನ ಒಂದು ಸಂಖ್ಯೆ. ಇದನ್ನು ದಾಟಿದವರಿಗೆ ಪ್ರಾದೇಶಿಕ ಹಂತದ ಆರ್‌ಎಂಒ, ಆಮೇಲೆ ರಾಷ್ಟ್ರ ಹಂತದ ಐಎನ್‌ಎಂಒ, ಆಮೇಲೆ ತರಬೇತಿ ಶಿಬಿರ. ಕೊನೆಗೆ ಆರು ಮಕ್ಕಳು ಅಂತಾರಾಷ್ಟ್ರೀಯ ಒಲಿಂಪಿಯಾಡಿಗೆ ಹೋಗುತ್ತಾರೆ. ಮುಂದಿನ ಹಂತಗಳನ್ನು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನೋಡಿಕೊಳ್ಳುತ್ತದೆ. ಭಾರತ 1989ರಿಂದ ಭಾಗವಹಿಸುತ್ತಿದೆ. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಮ್ಮ ತಂಡ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು.

ಮಗುವಿಗೆ ಇದು ಹಿಡಿಸುತ್ತದಾ ಎಂದು ತಿಳಿಯಲು ಪುಸ್ತಕ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ. 1ರಿಂದ 100ರವರೆಗಿನ ಸಂಖ್ಯೆಗಳನ್ನೆಲ್ಲ ಒಟ್ಟಿಗೆ ಗುಣಿಸಿದರೆ ಬರುವ ದೊಡ್ಡ ಸಂಖ್ಯೆಯ ಕೊನೆಯಲ್ಲಿ ಎಷ್ಟು ಸೊನ್ನೆ ಇರುತ್ತವೆ? ಎಂಟನೇ ಕ್ಲಾಸಿನ ಗಣಿತ ಸಾಕು. ಒಂದು ಸೊನ್ನೆಗೆ ಒಂದು 2, ಒಂದು 5 ಬೇಕು. 2 ಬೇಕಾದಷ್ಟಿವೆ, ಹಾಗಾಗಿ 5ಗಳನ್ನು ಎಣಿಸಿದರೆ ಆಯಿತು. 5ರ ಗುಣಕಗಳು 20. ಆದರೆ 25, 50, 75, 100ರಲ್ಲಿ ಇನ್ನೊಂದೊಂದು 5 ಅಡಗಿದೆ. ಉತ್ತರ 24. ನೀವು ಉತ್ತರ ಹೇಳಬೇಡಿ. ಮೂರು ದಿನ ಬಿಟ್ಟುಬಿಡಿ. ಊಟದ ಮಧ್ಯೆ ಎದ್ದು ‘ಇಪ್ಪತ್ತಲ್ಲ, ಇಪ್ಪತ್ನಾಲ್ಕು!’ ಎಂದು ಕೂಗಿದರೆ ನೋಂದಣಿ ಮಾಡಿಸಿ.

ಏಳನೇ ಹೆಜ್ಜೆ: ಅಡ್ಮಿಷನ್‌ಗೆ ಮೊದಲು ಕಾಲೇಜಿನಲ್ಲಿ ಕೇಳಬೇಕಾದ್ದು

ಬ್ರೋಷರ್ ಬದಿಗಿಟ್ಟು ಈಗ ಎರಡನೇ ಪಿಯುಸಿ ಓದುತ್ತಿರುವ ಮಕ್ಕಳನ್ನು ಗೇಟಿನ ಹೊರಗೆ ಮಾತಾಡಿಸಿ. ಗಣಿತಕ್ಕೆ ವಾರಕ್ಕೆ ಎಷ್ಟು ಪೀರಿಯಡ್? ಮೇಷ್ಟ್ರು ವರ್ಷದ ಮಧ್ಯೆ ಬದಲಾಗುತ್ತಾರಾ? ಹೋಂವರ್ಕ್ ಯಾರಾದರೂ ತಿದ್ದುತ್ತಾರಾ? ಈ ಮೂರನೇ ಪ್ರಶ್ನೆಗೆ ‘ಹೂಂ’ ಎಂದು ಉತ್ತರ ಬಂದರೆ ಬಿಲ್ಡಿಂಗ್ ಹಳೆಯದಾದರೂ ಪರವಾಗಿಲ್ಲ.

ಕೋಚಿಂಗ್ ಸೇರಿಸಿದ ಕಾಲೇಜಾದರೆ ಇನ್ನೊಂದು ಕೇಳಿ: ಬೋರ್ಡ್ ಪರೀಕ್ಷೆಯ ದೊಡ್ಡ ಉತ್ತರಗಳನ್ನು ಬರೆಯಿಸಿ ಅಭ್ಯಾಸ ಮಾಡಿಸುತ್ತೀರಾ? ಸಿಇಟಿಯ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ವೇಗ ಬೇಕು. ಆದರೆ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕಕ್ಕೂ ಅರ್ಧ ಪಾಲು ಇದೆ. ಟಿಕ್ ಹಾಕುವುದನ್ನೇ ಕಲಿತ ಮಗು ಐದು ಅಂಕದ ಉತ್ತರದಲ್ಲಿ ಹೆಜ್ಜೆಗಳನ್ನು ನುಂಗಿ ಅಂಕ ಕಳೆದುಕೊಳ್ಳುತ್ತದೆ.

ಸೇರಿದ ಮೇಲೆ ತಪ್ಪು ಆಯ್ಕೆ ಅನ್ನಿಸಿದರೆ ಮರ್ಯಾದೆ ನೋಡಿಕೊಂಡು ಕೂರಬೇಡಿ. ಮೊದಲ ತಿಂಗಳಲ್ಲೇ ಪ್ರಾಂಶುಪಾಲರ ಹತ್ತಿರ ಹೋಗಿ ಕಾಂಬಿನೇಶನ್ ಬದಲಾವಣೆ ಬಗ್ಗೆ ಕೇಳಿ. ದಿನ ಕಳೆದಷ್ಟೂ ಅದು ಕಷ್ಟ. ಗಣಿತ ಬಿಟ್ಟು ಪಿಯುಸಿ ಮುಗಿಸಿ, ಈಗ ಬೇಕು ಅನ್ನಿಸಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹನ್ನೆರಡನೇ ಕ್ಲಾಸಿನ ಗಣಿತ ಒಂದನ್ನೇ ನೋಂದಾಯಿಸಿ ಬರೆಯುವ ದಾರಿಯಿದೆ. ಅಲ್ಲಿ ಆ ವಿಷಯದ ಕೋಡ್ 311. ಫೀಸ್ ಕಟ್ಟುವ ಮೊದಲು, ನೀವು ಸೇರಬೇಕೆಂದಿರುವ ಕೋರ್ಸಿನವರು ಅದನ್ನು ಒಪ್ಪುತ್ತಾರಾ ಎಂದು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಕೊನೆಗೆ ಒಂದು ಸಣ್ಣ ಮಾತು. ಹತ್ತನೇ ಕ್ಲಾಸಿನ ಗಣಿತ ಪುಸ್ತಕವನ್ನು ರಿಸಲ್ಟ್ ಬಂದ ಮಾರನೇ ದಿನವೇ ರದ್ದಿಗೆ ಹಾಕಬೇಡಿ. ಮೊದಲ ಪಿಯುಸಿಯಲ್ಲಿ ಸರಳರೇಖೆಯ ಪಾಠ ಶುರುವಾದ ದಿನ ‘ನಿರ್ದೇಶಾಂಕ ರೇಖಾಗಣಿತ’ ಅಧ್ಯಾಯ ಬೇಕಾಗುತ್ತದೆ, ತ್ರಿಕೋನಮಿತಿ ಬಂದ ದಿನ 30, 45, 60 ಡಿಗ್ರಿಯ ಕೋಷ್ಟಕ ಬೇಕಾಗುತ್ತದೆ. ಆ ಪುಟಕ್ಕೆ ಈಗಲೇ ಒಂದು ಬಸ್ ಟಿಕೆಟ್ ಸಿಕ್ಕಿಸಿಡಿ.